ಮೊಟ್ಟೆ ಶುರುವಾದ ಮೇಲೆಯೇ ಹೇಂಟೆಗೆ ಕಾಯಿಲೆ ಯಾಕೆ? ಹಾರ್ಮೋನಿಗೂ ಸೋಂಕಿಗೂ ಇರುವ ನಂಟು

ಪ್ರಶ್ನೆ: ನಾವು ಸಾಕಿರುವ ಹೇಂಟೆಗಳು ಮರಿಯಾಗಿದ್ದಾಗಿನಿಂದ ಐದು ತಿಂಗಳ ತನಕ ಗಟ್ಟಿಮುಟ್ಟಾಗಿದ್ದವು. ಮೊಟ್ಟೆ ಇಡಲು ಶುರು ಮಾಡಿ ಎರಡು ತಿಂಗಳೊಳಗೆ ಮೂರು ಹೇಂಟೆಗಳು ಹೊಟ್ಟೆ ಜೋತುಬಿದ್ದು, ಮಂಕಾಗಿ ಕೂತು ಸತ್ತವು. ಪಶುವೈದ್ಯರು ಕೊಯ್ದು ನೋಡಿ ಮೊಟ್ಟೆನಾಳದಲ್ಲಿ ಸೋಂಕಾಗಿದೆ ಎಂದರು. ಒಳಗೆ ಹಳದಿ ಬಣ್ಣದ ಗಟ್ಟಿ ಗಡ್ಡೆ ಇತ್ತು. ಪರಿಚಯದವರೊಬ್ಬರು ‘ಇದು ಹಾರ್ಮೋನ್ ಕಮ್ಮಿಯಾಗಿ ಬರುವ ಕಾಯಿಲೆ, ಹಾರ್ಮೋನ್ ಇಂಜೆಕ್ಷನ್ ಹಾಕಿಸಿ’ ಎನ್ನುತ್ತಿದ್ದಾರೆ. ನಿಜವೇ? ಹುಂಜದಿಂದ ಸೋಂಕು ಬಂದಿರಬಹುದೇ? ಉಳಿದ ಹೇಂಟೆಗಳಿಗೆ ಔಷಧಿ ಕೊಟ್ಟರೆ ಅವುಗಳ ಮೊಟ್ಟೆ ತಿನ್ನಬಹುದೇ?

ಉತ್ತರ: ಮೊದಲು ಇಂಜೆಕ್ಷನ್ ವಿಷಯ. ಹಾಕಿಸಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಪರಿಚಯದವರ ಮಾತಿನಲ್ಲಿ ಅರ್ಧ ನಿಜ ಇದೆ. ಹೇಂಟೆಯ ಮೊಟ್ಟೆನಾಳದ ಸೋಂಕಿಗೂ ಹಾರ್ಮೋನಿಗೂ ಗಟ್ಟಿ ನಂಟಿದೆ. ತಪ್ಪಿರುವುದು ‘ಕಮ್ಮಿಯಾಗಿ’ ಅನ್ನುವ ಪದದಲ್ಲಿ. ಮೊಟ್ಟೆ ಶುರುವಾಗುವ ಹೊತ್ತಿನಲ್ಲಿ ಹೇಂಟೆಯ ಮೈಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಬೇಕಾದಷ್ಟು ಇರುತ್ತದೆ. ಮೊದಲ ಮೊಟ್ಟೆಗೆ ಎರಡು ಮೂರು ವಾರ ಮುಂಚೆ ಅದು ರಕ್ತದಲ್ಲಿ ತುತ್ತತುದಿ ಮುಟ್ಟುತ್ತದೆ. ನಿಮ್ಮ ಹೇಂಟೆಗಳಿಗೆ ಕಾಯಿಲೆ ಬಂದಿದ್ದು ಇದಾದ ಕೆಲವೇ ವಾರಗಳಲ್ಲಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟೊಂದು ಹಾರ್ಮೋನ್ ಇದ್ದೂ ಸೋಂಕು ಒಳಗೆ ನುಗ್ಗಿದ್ದು ಹೇಗೆ?

ಅದಕ್ಕೆ ಮೊಟ್ಟೆನಾಳದ ಒಳಗೆ ಸ್ವಲ್ಪ ಸುತ್ತಾಡಬೇಕು. ಹೇಂಟೆಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮತ್ತು ಎಡಗಡೆಯ ನಾಳ ಮಾತ್ರ. ಬಲಗಡೆಯದು ಮೊಟ್ಟೆಯೊಳಗೆ ಮರಿ ಬೆಳೆಯುವಾಗಲೇ ಮುದುಡಿ ಹೋಗುತ್ತದೆ. ದೊಡ್ಡ ಹೇಂಟೆಯಲ್ಲಿ ಈ ನಾಳ ಬಿಡಿಸಿಟ್ಟರೆ 60ರಿಂದ 80 ಸೆಂಟಿಮೀಟರ್ ಉದ್ದ. ಮೇಲ್ತುದಿಯಲ್ಲಿ ಒಂದು ಆಲಿಕೆ. ಅಂಡಾಶಯದಿಂದ ಕಳಚಿದ ಹಳದಿಯನ್ನು ಹಿಡಿದುಕೊಳ್ಳುವುದು ಅದರ ಕೆಲಸ. ಅಲ್ಲಿ ಹಳದಿ ಇರುವುದು ಕಾಲು ಗಂಟೆಯಿಂದ ಅರ್ಧ ಗಂಟೆ. ಮುಂದಿನ ಉದ್ದನೆಯ ಭಾಗದಲ್ಲಿ ಸುಮಾರು ಮೂರು ಗಂಟೆ. ಅಲ್ಲಿ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ. ಆಮೇಲೆ ಒಂದು ಗಂಟೆಗೂ ಮಿಕ್ಕಿ ಪೊರೆ ಹಾಕುವ ಕೆಲಸ. ಕೊನೆಗೆ ಚಿಪ್ಪುಗ್ರಂಥಿಯಲ್ಲಿ ಹದಿನೆಂಟು ಇಪ್ಪತ್ತು ಗಂಟೆ ಕೂತು ಚಿಪ್ಪು ಕಟ್ಟುತ್ತದೆ. ಅಲ್ಲಿಂದ ಯೋನಿಭಾಗ ದಾಟಿ ಹೊರಗೆ ಬರುವುದಕ್ಕೆ ಕೆಲವು ನಿಮಿಷ ಸಾಕು. ಇದಾಗಿ ಅರ್ಧ ಗಂಟೆಗೆಲ್ಲ ಮುಂದಿನ ಹಳದಿ ಕಳಚಬಹುದು. ಅಂದರೆ ಮೊಟ್ಟೆ ಇಡುವ ಹೇಂಟೆಯಲ್ಲಿ ಈ ದಾರಿ ಖಾಲಿ ಇರುವ ಹೊತ್ತೇ ತೀರಾ ಕಮ್ಮಿ.

ತೊಂದರೆ ಇರುವುದು ಕೊನೆಯ ತುದಿಯಲ್ಲಿ. ಹಿಕ್ಕೆ, ಮೂತ್ರದ ಬಿಳಿ ಭಾಗ, ಮೊಟ್ಟೆ ಮೂರೂ ಹೊರಬರುವುದು ಒಂದೇ ದ್ವಾರದಿಂದ. ಕಸ ಹೊರಹಾಕುವುದಕ್ಕೂ ಊಟದ ತಟ್ಟೆ ತರುವುದಕ್ಕೂ ಒಂದೇ ಬಾಗಿಲಿರುವ ಮನೆ ಇದ್ದ ಹಾಗೆ. ಹೇಂಟೆಯ ಕರುಳಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತದೆ. ಅದು ಕರುಳಿನಲ್ಲಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ನಾಳದೊಳಗೆ ಮೇಲಕ್ಕೆ ಹತ್ತಿದರೆ ಕಷ್ಟ. ಮೊಟ್ಟೆನಾಳದ ಸೋಂಕಿನಲ್ಲಿ ಜಾಸ್ತಿ ಸಿಗುವುದು ಇದೇ. ಗ್ಯಾಲಿಬ್ಯಾಕ್ಟೀರಿಯಮ್ ಅನ್ನುವ ಇನ್ನೊಂದು ಜಾತಿಯೂ ಉಂಟು. ಸಾಲ್ಮೊನೆಲ್ಲಾದ್ದು ಬೇರೆಯೇ ಕಥೆ. ಅದು ಕೆಳಗಿನಿಂದಲೂ ಹತ್ತುತ್ತದೆ, ರಕ್ತದ ಮೂಲಕ ಅಂಡಾಶಯಕ್ಕೂ ಹೋಗಿ ಕೂರುತ್ತದೆ.

ಮೊಟ್ಟೆ ಇಡುವ ಕ್ಷಣದಲ್ಲಿ ಒಂದು ಜಾಣ ಏರ್ಪಾಡಿದೆ. ಯೋನಿಭಾಗ ಒಳಹೊರಗಾಗಿ ಮಗುಚಿಕೊಂಡು ದ್ವಾರದಿಂದ ಆಚೆ ಬರುತ್ತದೆ. ಹಾಗಾಗಿ ಮೊಟ್ಟೆಗೆ ಹಿಕ್ಕೆಯ ದಾರಿಯ ಗೋಡೆ ತಾಗುವುದಿಲ್ಲ. ಮೊಟ್ಟೆ ಶುಚಿಯಾಗಿ ಬರುತ್ತದೆ, ಆದರೆ ಹೇಂಟೆಯ ಒಳಪೊರೆ ಒಂದು ಗಳಿಗೆ ಹೊರಗಿನ ಗಾಳಿಗೆ, ಧೂಳಿಗೆ, ಪಕ್ಕದ ಹೇಂಟೆಯ ಕೊಕ್ಕಿಗೆ ತೆರೆದುಕೊಳ್ಳುತ್ತದೆ. ಈ ಗುಲಾಬಿ ಬಣ್ಣದ ಪೊರೆ ಕಂಡರೆ ಬೇರೆ ಹೇಂಟೆಗಳು ಕುಟುಕದೆ ಬಿಡುವುದಿಲ್ಲ. ಒಂದು ಸಣ್ಣ ಗಾಯ ಆಯಿತೆಂದರೆ ಬ್ಯಾಕ್ಟೀರಿಯಾಗೆ ಮೆಟ್ಟಿಲು ಸಿಕ್ಕಿತು. ಮೊಟ್ಟೆ ಇಡದ ಎಳೆ ಹೇಂಟೆಯಲ್ಲಿ ಈ ದಾರಿ ಪುಟ್ಟದು, ಬಿಗಿಯಾಗಿ ಮುಚ್ಚಿರುತ್ತದೆ. ನಿಮ್ಮ ಹೇಂಟೆಗಳು ಐದು ತಿಂಗಳ ತನಕ ಆರಾಮಾಗಿದ್ದದ್ದಕ್ಕೆ ಇದೊಂದು ಸರಳ ಕಾರಣ.

ಇನ್ನು ಹಾರ್ಮೋನಿನ ಕಡೆ ಬರೋಣ. ಹಗಲು ಉದ್ದವಾದರೆ ಬೆಳಕು ತಲೆಬುರುಡೆಯನ್ನು ದಾಟಿ ಮೆದುಳಿನ ಒಳಭಾಗಕ್ಕೇ ತಲುಪುತ್ತದೆ. ಹಕ್ಕಿಗಳಲ್ಲಿ ಇದಕ್ಕೆ ಕಣ್ಣೇ ಬೇಕೆಂದಿಲ್ಲ. ಅಲ್ಲಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಂಡಾಶಯಕ್ಕೆ ಸೂಚನೆ ಹೋಗುತ್ತದೆ. ಅಂಡಾಶಯದಲ್ಲಿ ಹಳದಿಗಳು ದೊಡ್ಡದು, ಅದಕ್ಕಿಂತ ಚಿಕ್ಕದು, ಇನ್ನೂ ಚಿಕ್ಕದು ಅಂತ ಸಾಲಾಗಿ ಬೆಳೆಯುತ್ತವೆ. ಹಳದಿ ಬೆಳೆಯುವ ಚೀಲಗಳಲ್ಲಿ ಚಿಕ್ಕವು ಹೆಚ್ಚಾಗಿ ಈಸ್ಟ್ರೋಜನ್ ಸುರಿಸುತ್ತವೆ. ಎಲ್ಲಕ್ಕಿಂತ ದೊಡ್ಡದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಸುರಿಸುತ್ತದೆ. ಆ ಪ್ರೊಜೆಸ್ಟರಾನ್ ಏರಿದಾಗ ಪಿಟ್ಯುಟರಿಯಿಂದ ಎಲ್‌ಎಚ್ ಅನ್ನುವ ಹಾರ್ಮೋನ್ ಒಮ್ಮೆಲೇ ಚಿಮ್ಮುತ್ತದೆ. ಅದಾಗಿ ನಾಲ್ಕರಿಂದ ಆರು ಗಂಟೆಗೆ ಹಳದಿ ಕಳಚುತ್ತದೆ. ಜುಟ್ಟು ಕೆಂಪಾಗುವುದು ಮಾತ್ರ ಟೆಸ್ಟೋಸ್ಟಿರಾನ್ ಬಳಗದ ಹಾರ್ಮೋನುಗಳಿಂದ. ಹೇಂಟೆಯ ಅಂಡಾಶಯ ಅದನ್ನೂ ಸ್ವಲ್ಪ ತಯಾರಿಸುತ್ತದೆ.

ಈಸ್ಟ್ರೋಜನ್ ಮೊಟ್ಟೆನಾಳವನ್ನು ಬೆಳೆಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ದಾರದಷ್ಟು ಸಣ್ಣಗಿದ್ದದ್ದು ಕೆಲವೇ ವಾರಗಳಲ್ಲಿ ದಪ್ಪ ನಾಳವಾಗುತ್ತದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಇದೇ ಈಸ್ಟ್ರೋಜನ್ ನಾಳದೊಳಗೆ ರಕ್ಷಣೆಯ ಕಣಗಳನ್ನೂ ಕರೆಸಿ ಕೂರಿಸುತ್ತದೆ. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದಲ್ಲಿ ಈ ಬಗ್ಗೆ ದಶಕಗಟ್ಟಲೆ ಕೆಲಸ ನಡೆದಿದೆ. ಮೊಟ್ಟೆ ಇಡದ ಎಳೆ ಹೇಂಟೆಯ ನಾಳದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳು, ಬ್ಯಾಕ್ಟೀರಿಯಾವನ್ನು ನುಂಗುವ ಮ್ಯಾಕ್ರೋಫೇಜ್ ಕಣಗಳು ಕಮ್ಮಿ. ಮೊಟ್ಟೆ ಇಡುವ ಹೇಂಟೆಯಲ್ಲಿ ಜಾಸ್ತಿ. ವಯಸ್ಸಾದ ಹೇಂಟೆಯಲ್ಲಿ ಮತ್ತೆ ಇಳಿಕೆ. ಈಸ್ಟ್ರೋಜನ್ನಿನಂತೆ ಕೆಲಸ ಮಾಡುವ ಔಷಧಿ ಕೊಟ್ಟು ನೋಡಿದಾಗ ಈ ಕಣಗಳ ಸಂಖ್ಯೆ ಏರಿತು. ಅಂದರೆ ಮೊಟ್ಟೆ ಕಟ್ಟುವ ಕೆಲಸ ಮತ್ತು ಆ ಜಾಗದ ಕಾವಲು, ಎರಡಕ್ಕೂ ಅಪ್ಪಣೆ ಬರುವುದು ಒಂದೇ ಕಡೆಯಿಂದ.

ಕಣಗಳದ್ದು ಒಂದು ಕಡೆ. ಬಿಳಿ ಲೋಳೆಯದ್ದೇ ಇನ್ನೊಂದು ಕಡೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಲೋಳೆಯನ್ನು ನಾವು ಸುಮ್ನೆ ಪೌಷ್ಟಿಕ ಆಹಾರ ಅಂದುಕೊಂಡಿದ್ದೇವೆ. ಅದರ ಪ್ರೋಟೀನುಗಳಲ್ಲಿ ಹಲವು ಬ್ಯಾಕ್ಟೀರಿಯಾ ವಿರುದ್ಧದ ಅಸ್ತ್ರಗಳು. ಲೈಸೊಜೈಮ್ ಇದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಾಣುವ ಮುಂಚೆ, 1922ರಲ್ಲೇ ಲೈಸೊಜೈಮ್ ಬಗ್ಗೆ ಬರೆದಿದ್ದರು. ಅದು ಬ್ಯಾಕ್ಟೀರಿಯಾದ ಹೊರಗೋಡೆಯನ್ನೇ ಕತ್ತರಿಸುತ್ತದೆ. ಲೋಳೆಯ ಪ್ರೋಟೀನಿನಲ್ಲಿ ಶೇಕಡಾ 3.5ರಷ್ಟು ಅದೇ. ಓವೊಟ್ರಾನ್ಸ್‌ಫೆರಿನ್ ಅಂತ ಇನ್ನೊಂದಿದೆ, ಶೇಕಡಾ 12ರ ಆಸುಪಾಸು. ಅದು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಸಿಗದೆ ಬ್ಯಾಕ್ಟೀರಿಯಾ ಬೆಳೆಯಲಾರದು. ಅವಿಡಿನ್ ಇರುವುದು ತೀರಾ ಚೂರು. ಅದು ಬಯೋಟಿನ್ ಅನ್ನುವ ವಿಟಮಿನ್ನನ್ನು ಕಟ್ಟಿಹಾಕುತ್ತದೆ. ಇವುಗಳ ಜೊತೆಗೆ ಡಿಫೆನ್ಸಿನ್ ಎಂಬ ಪುಟ್ಟ ಪ್ರೋಟೀನುಗಳಿವೆ. ಕೋಳಿಯಲ್ಲಿ ಬೀಟಾ ಡಿಫೆನ್ಸಿನ್‌ಗಳೇ ಹದಿನಾಲ್ಕು ಬಗೆ.

ಇವುಗಳಲ್ಲಿ ಮುಖ್ಯವಾದವು ಹಾರ್ಮೋನಿನ ಮಾತು ಕೇಳುತ್ತವೆ. ಲೈಸೊಜೈಮ್, ಓವೊಟ್ರಾನ್ಸ್‌ಫೆರಿನ್ ಎರಡೂ ನಾಳದಲ್ಲಿ ತಯಾರಾಗಬೇಕಾದರೆ ಈಸ್ಟ್ರೋಜನ್ ಬೇಕು. ಈಸ್ಟ್ರೋಜನ್‌ನಿಂದ ಹದಗೊಂಡ ನಾಳಕ್ಕೆ ಪ್ರೊಜೆಸ್ಟರಾನ್ ಸಿಕ್ಕಿದರೆ ಅವಿಡಿನ್ ತಯಾರಾಗುತ್ತದೆ. ಹಾರ್ಮೋನ್ ಅನ್ನುವುದು ಜೀನ್‌ಗಳನ್ನು ಹೇಗೆ ಎಬ್ಬಿಸುತ್ತದೆ ಎಂದು 1960ರ ದಶಕದಲ್ಲಿ ಅಮೆರಿಕದ ಬರ್ಟ್ ಓಮ್ಯಾಲಿ ಮತ್ತು ಅವರ ತಂಡ ತಿಳಿದುಕೊಂಡಿದ್ದು ಹೆಣ್ಣು ಕೋಳಿಮರಿಯ ಮೊಟ್ಟೆನಾಳದಿಂದಲೇ. ಮನುಷ್ಯರ ಹಾರ್ಮೋನ್ ವಿಜ್ಞಾನಕ್ಕೆ ಕೋಳಿ ಕೊಟ್ಟ ಕೊಡುಗೆ ದೊಡ್ಡದು. ಅದರ ಹೆಸರು ಹೇಳುವವರು ಕಮ್ಮಿ, ಅಷ್ಟೇ.

ಇಷ್ಟೇ ಆಗಿದ್ದರೆ ನಿಮ್ಮ ಹೇಂಟೆಗಳು ಸಾಯಬಾರದಿತ್ತು, ಅಲ್ವಾ? ಇನ್ನೊಂದು ಮುಖ ನೋಡಿ. ಪ್ರಾಯಕ್ಕೆ ಬರುವ ಆ ಕೆಲವು ವಾರಗಳಲ್ಲಿ ಹೇಂಟೆಯ ಇಡೀ ಮೈಯ ಟಿ ಕಣಗಳ ಚುರುಕು ತಾತ್ಕಾಲಿಕವಾಗಿ ಕುಗ್ಗುತ್ತದೆ. ಸಾಲ್ಮೊನೆಲ್ಲಾದ ಪುಲ್ಲೋರಮ್ ಎಂಬ ಬಗೆಯ ಮೇಲೆ ನಡೆದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಮರಿಯಾಗಿದ್ದಾಗ ಬಂದ ಸೋಂಕು ಗುಲ್ಮದಲ್ಲಿ (ಸ್ಪ್ಲೀನ್) ಸದ್ದಿಲ್ಲದೆ ಅಡಗಿ ಕೂತಿರುತ್ತದೆ. ಹೇಂಟೆ ಪ್ರಾಯಕ್ಕೆ ಬಂದಾಗ ಬ್ಯಾಕ್ಟೀರಿಯಾ ಮತ್ತೆ ಹೆಚ್ಚಿ ಅಂಡಾಶಯ, ಮೊಟ್ಟೆನಾಳಗಳಿಗೆ ಹರಡುತ್ತದೆ. ಹುಂಜಗಳಲ್ಲಿ ಹೀಗೆ ಆಗಲಿಲ್ಲ. ಅಂದರೆ ನಾಳದೊಳಗೆ ಕಾವಲು ಏರುತ್ತಿರುವ ಹೊತ್ತಿನಲ್ಲೇ ಇಡೀ ಮೈಯ ರಕ್ಷಣೆಯಲ್ಲಿ ಒಂದು ತಗ್ಗು ಬರುತ್ತದೆ. ನಿಮ್ಮ ಹೇಂಟೆಗಳು ಸಿಕ್ಕಿಬಿದ್ದದ್ದು ಈ ಹೊತ್ತಿನಲ್ಲೇ ಇರಬೇಕು ಅನ್ನುವುದು ನನ್ನ ಅಂದಾಜು.

ಹೇಂಟೆಯ ಮೈಗೆ ಆಗ ಬೇರೆ ಹೊರೆಯೂ ಇದೆ. ಒಂದೊಂದು ಚಿಪ್ಪಿಗೆ ಎರಡು ಗ್ರಾಂಗೂ ಮಿಕ್ಕಿ ಸುಣ್ಣದಂಶ ಬೇಕು. ಅದರಲ್ಲಿ ಒಂದು ಪಾಲು ಎಲುಬಿನಿಂದಲೇ ಹೋಗುತ್ತದೆ. ಪಿತ್ತಜನಕಾಂಗ ಹಗಲೂ ರಾತ್ರಿ ಹಳದಿಗೆ ಬೇಕಾದ ಕೊಬ್ಬು, ಪ್ರೋಟೀನು ತಯಾರಿಸುತ್ತಿರುತ್ತದೆ. ಇದೂ ಈಸ್ಟ್ರೋಜನ್ನಿನ ಅಪ್ಪಣೆಯೇ. ರಕ್ತದಲ್ಲಿರುವ, ರೋಗಾಣುವನ್ನು ತಡೆಯುವ ಪ್ರತಿಕಾಯಗಳ (ಆ್ಯಂಟಿಬಾಡಿ) ಒಂದು ಪಾಲೂ ಹಳದಿಗೆ ಹೋಗಿ ಸೇರುತ್ತದೆ. ಮುಂದೆ ಹುಟ್ಟುವ ಮರಿಗೆ ಮೊದಲ ಎರಡು ಮೂರು ವಾರ ಕಾಯುವುದು ಅದೇ. ಒಂದು ಮೊಟ್ಟೆಯ ಹಳದಿಯಲ್ಲಿ 50ರಿಂದ 100 ಮಿಲಿಗ್ರಾಂ ಪ್ರತಿಕಾಯ ಇರುತ್ತದೆ. 1893ರಲ್ಲೇ ಫೆಲಿಕ್ಸ್ ಕ್ಲೆಂಪರರ್ ಎಂಬ ಜರ್ಮನ್ ವೈದ್ಯರು ಹೇಂಟೆಯ ರೋಗನಿರೋಧಕ ಶಕ್ತಿ ಹಳದಿಗೆ ದಾಟುತ್ತದೆ ಎಂದು ತೋರಿಸಿದ್ದರು. ಬಿಳಿ ಲೋಳೆಗೆ ಬೇರೆ ಬಗೆಯ ಪ್ರತಿಕಾಯಗಳು ನಾಳದಲ್ಲೇ ಸೇರುತ್ತವೆ.

ಈಗ ನಿಮ್ಮ ಹುಂಜದ ಪ್ರಶ್ನೆ. ಹುಂಜದ ವೀರ್ಯದ ಜೊತೆ ಬ್ಯಾಕ್ಟೀರಿಯಾ ಹೋಗುವುದು ಸಾಧ್ಯ. ಹುಂಜದ ವೀರ್ಯ ಹೊರಬರುವುದೂ ಹಿಕ್ಕೆ ಬರುವ ದ್ವಾರದಿಂದಲೇ. ಆದರೂ ನಿಮ್ಮ ಹಿಂಡಿನ ಸಾವಿಗೆ ಹುಂಜವನ್ನೇ ಹೊಣೆ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಹುಂಜವೇ ಇಲ್ಲದ ಹಿಂಡುಗಳಲ್ಲಿಯೂ ಈ ಸೋಂಕು ಸಾಕಷ್ಟು ಬರುತ್ತದೆ. ಆದರೆ ಈ ಪ್ರಶ್ನೆಯ ಹಿಂದೆ ಒಂದು ಸ್ವಾರಸ್ಯ ಇದೆ. ಹೇಂಟೆಯ ಮೈಗೆ ವೀರ್ಯಾಣು ಅನ್ನುವುದು ಹೊರಗಿನ ವಸ್ತು. ಬ್ಯಾಕ್ಟೀರಿಯಾದ ಹಾಗೆ ಅದನ್ನೂ ಹೊಡೆದು ಹಾಕಬೇಕಿತ್ತು. ಹೆಚ್ಚಿನವನ್ನು ಹೊರಗೆ ತಳ್ಳುತ್ತದೆ ಕೂಡ. ನೂರರಲ್ಲಿ ಒಂದೆರಡು ಪಾಲು ಮಾತ್ರ ಚಿಪ್ಪುಗ್ರಂಥಿ ಮತ್ತು ಯೋನಿಭಾಗ ಸೇರುವ ಕಡೆ ಇರುವ ಸಣ್ಣ ಸಣ್ಣ ಕೊಳವೆಗಳಿಗೆ ತಲುಪುತ್ತವೆ. ಅಲ್ಲಿ ಅವು ಎರಡು ಮೂರು ವಾರ ಜೀವಂತ ಇರುತ್ತವೆ. ಹುಂಜವನ್ನು ಬೇರೆ ಮಾಡಿದ ಮೇಲೂ ಫಲ ಕಟ್ಟಿದ ಮೊಟ್ಟೆ ಬರುವುದು ಇದರಿಂದಲೇ.

ಆ ಕೊಳವೆಗಳ ಸುತ್ತ ರಕ್ಷಣೆಯ ಕಣಗಳು ಇದ್ದರೂ ಸುಮ್ಮನಿರುತ್ತವೆ. ಅಲ್ಲಿನ ಗೋಡೆ ಟಿಜಿಎಫ್ ಬೀಟಾ ಎಂಬ ಸಂದೇಶದ ಪ್ರೋಟೀನು ಸುರಿಸಿ ಅವುಗಳನ್ನು ತಣ್ಣಗಿಡುತ್ತದೆ. ವಯಸ್ಸಾದ, ಫಲ ಕಟ್ಟುವುದು ಕಮ್ಮಿಯಾದ ಹೇಂಟೆಗಳಲ್ಲಿ ಈ ತಣ್ಣಗಿಡುವ ಶಕ್ತಿ ಕುಗ್ಗುತ್ತದೆ, ಟಿ ಕಣಗಳು ಕೊಳವೆಗಳ ಬಳಿ ಗುಂಪು ಕಟ್ಟುತ್ತವೆ. ಇಲ್ಲೂ ಹಾರ್ಮೋನಿನ ಕೈ ಇದೆ. ಕ್ವೇಲ್ ಹಕ್ಕಿಗಳಲ್ಲಿ ನಡೆದ ಕೆಲಸದಲ್ಲಿ, ಕೊಳವೆಗಳಿಂದ ವೀರ್ಯಾಣುಗಳನ್ನು ಹೊರಬಿಡುವ ಸೂಚನೆ ಪ್ರೊಜೆಸ್ಟರಾನ್‌ನಿಂದ ಬರುತ್ತದೆ ಎಂದು ಗೊತ್ತಾಗಿದೆ. ಹೀಗೆ ಒಂದೇ ನಾಳದ ಎರಡು ಕಡೆ ಎರಡು ಧೋರಣೆ. ಕೆಳಗೆ ಯೋನಿಭಾಗದಲ್ಲಿ ಬ್ಯಾಕ್ಟೀರಿಯಾದ ಸುಳಿವು ಸಿಕ್ಕರೆ ಕೆಲವೇ ಗಂಟೆಗಳಲ್ಲಿ ಡಿಫೆನ್ಸಿನ್ ತಯಾರಿ ಏರುತ್ತದೆ. ಅದಕ್ಕೆ ತಾಗಿಕೊಂಡೇ ಇರುವ ಜಾಗದಲ್ಲಿ ವೀರ್ಯಾಣುವಿಗೆ ರಿಯಾಯಿತಿ. ಈ ಸಮತೋಲನದ ಮೇಲೆ ಹೊರಗಿನಿಂದ ಹಾರ್ಮೋನ್ ಸುರಿದರೆ ಏನಾಗಬಹುದು ಅಂತ ನೀವೇ ಯೋಚಿಸಿ.

ನಿಮ್ಮ ವೈದ್ಯರಿಗೆ ಸಿಕ್ಕ ಹಳದಿ ಗಡ್ಡೆಯ ಬಗ್ಗೆ ಹೇಳಲೇಬೇಕು. ಅದು ಕೀವೇ. ನಮಗೆ ಗಾಯವಾದರೆ ಕೀವು ತೆಳ್ಳಗೆ ಹರಿಯುತ್ತದೆ. ಕೋಳಿಗೆ ಹಾಗಾಗುವುದಿಲ್ಲ. ನಮ್ಮ ರಕ್ತದ ನ್ಯೂಟ್ರೋಫಿಲ್ ಕಣಗಳ ಬದಲು ಕೋಳಿಯಲ್ಲಿ ಹೆಟೆರೋಫಿಲ್ ಕಣಗಳಿವೆ. ಸತ್ತ ಕಣಗಳನ್ನು ಕರಗಿಸಿ ನೀರು ಮಾಡುವ ಕಿಣ್ವಗಳು ಅವುಗಳಲ್ಲಿ ಕಮ್ಮಿ. ಹಾಗಾಗಿ ಕೀವು ಗಟ್ಟಿಯಾಗಿ, ಪದರದ ಮೇಲೆ ಪದರ ಕಟ್ಟುತ್ತಾ ಹೋಗುತ್ತದೆ. ಕೆಲವೊಮ್ಮೆ ಲೋಳೆ, ಪೊರೆ, ಚಿಪ್ಪಿನ ಚೂರು ಎಲ್ಲವೂ ಅದರೊಳಗೆ ಸೇರಿಕೊಂಡು ಮೊಟ್ಟೆಯ ಆಕಾರದಲ್ಲೇ ಹೊರಗೆ ಬೀಳುವುದುಂಟು. ಇಂಥ ಗಡ್ಡೆಯ ಒಳಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಔಷಧಿ ಹೋಗುವುದು ಹೇಗೆ? ಗಡ್ಡೆ ಕಟ್ಟಿದ ಮೇಲೆ ಆ್ಯಂಟಿಬಯೋಟಿಕ್ ಕೈಕೊಡುವುದು ಇದಕ್ಕೇ. ಊದಿದ ನಾಳದ ಆಲಿಕೆ ಹಳದಿಯನ್ನು ಹಿಡಿಯಲಾರದೆ ಹೊಟ್ಟೆಯೊಳಗೆ ಬಿಟ್ಟುಬಿಡುತ್ತದೆ. ಹಳದಿ ಬ್ಯಾಕ್ಟೀರಿಯಾಗೆ ಒಳ್ಳೆಯ ಮೇವು. ನೀವು ನೋಡಿದ ಜೋತುಬಿದ್ದ ಹೊಟ್ಟೆ ಬಹುಶಃ ಹೀಗೇ ಆದದ್ದು.

ಎಲ್ಲ ದೋಷವೂ ಬ್ಯಾಕ್ಟೀರಿಯಾದ್ದಲ್ಲ. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಅನ್ನುವ ವೈರಸ್ ಉಸಿರಾಟದ ಕಾಯಿಲೆ ತರುತ್ತದೆ, ಜೊತೆಗೆ ನಾಳದ ಒಳಪೊರೆಯನ್ನೂ ಹಾಳು ಮಾಡುತ್ತದೆ. ಸುಕ್ಕು ಚಿಪ್ಪು, ನೀರಾದ ಲೋಳೆ ಅದರ ಗುರುತು. ಮರಿಯಾಗಿದ್ದಾಗಲೇ ಇದರ ಕೆಲವು ತಳಿ ತಗುಲಿದರೆ ನಾಳ ಸರಿಯಾಗಿ ಬೆಳೆಯುವುದೇ ಇಲ್ಲ. ಅಂಥ ಹೇಂಟೆ ನೋಡುವುದಕ್ಕೆ ಚೆನ್ನಾಗಿರುತ್ತದೆ, ಜುಟ್ಟು ಕೆಂಪಾಗಿರುತ್ತದೆ, ಮೊಟ್ಟೆ ಮಾತ್ರ ಇಡುವುದಿಲ್ಲ. ಹಾರ್ಮೋನಿಗೂ ವೈರಸ್ಸಿಗೂ ಇರುವ ನಂಟಿಗೆ ಇನ್ನೂ ಒಳ್ಳೆಯ ಉದಾಹರಣೆ 1976ರಲ್ಲಿ ಗುರುತಿಸಿದ ಎಗ್ ಡ್ರಾಪ್ ಸಿಂಡ್ರೋಮ್ ಎಂಬ ವೈರಸ್ ಕಾಯಿಲೆ. ತಾಯಿಯಿಂದ ಮೊಟ್ಟೆ ಮೂಲಕ ಮರಿಗೆ ಬಂದ ವೈರಸ್ ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಹೇಂಟೆ ಪ್ರಾಯಕ್ಕೆ ಬಂದು ಮೊಟ್ಟೆ ಏರುವ ಹೊತ್ತಿಗೆ ಎದ್ದು ಚಿಪ್ಪುಗ್ರಂಥಿಯಲ್ಲಿ ಬೆಳೆಯುತ್ತದೆ. ಚಿಪ್ಪೇ ಇಲ್ಲದ ಮೊಟ್ಟೆಗಳು ಬೀಳಲು ಶುರುವಾಗುತ್ತವೆ. ನಿಮ್ಮ ಹಿಂಡಿನಲ್ಲಿ ಹೀಗೆ ಕಂಡಿಲ್ಲವಾದರೆ ಇದನ್ನು ಬದಿಗಿಡಬಹುದು. ಹೇಂಟೆಗಳು ಕೆರೆ, ಜೌಗು ಬದಿಯಲ್ಲಿ ಮೇಯುತ್ತಿದ್ದರೆ ಇನ್ನೊಂದು ಅನುಮಾನ: ಪ್ರಾಸ್ತೊಗೋನಿಮಸ್ ಅನ್ನುವ ಚಪ್ಪಟೆ ಹುಳು. ಏರೋಪ್ಲೇನ್ ಚಿಟ್ಟೆ ತಿಂದ ಹೇಂಟೆಯ ಮೊಟ್ಟೆನಾಳದಲ್ಲಿ ಇದು ಬೀಡುಬಿಡುತ್ತದೆ. ಅಪರೂಪವೇ, ಆದರೂ ಹೇಳಿದೆ.

ಒತ್ತಡದ ಹಾರ್ಮೋನನ್ನು ಮರೆಯುವ ಹಾಗಿಲ್ಲ. ಕೋಳಿಯಲ್ಲಿ ಅದರ ಹೆಸರು ಕಾರ್ಟಿಕೊಸ್ಟಿರಾನ್. ಸೆಕೆ, ಇಕ್ಕಟ್ಟು, ಹೆದರಿಕೆ, ಮೇವು ನೀರಿನ ಏರುಪೇರು, ಎಲ್ಲದಕ್ಕೂ ಅದು ಏರುತ್ತದೆ. ಏರಿದರೆ ಎರಡು ಕಡೆ ಹೊಡೆತ. ಲಿಂಫೋಸೈಟ್ ಕಣಗಳು ಇಳಿಯುತ್ತವೆ, ಅಂದರೆ ರಕ್ಷಣೆ ಕುಗ್ಗುತ್ತದೆ. ಅಂಡಾಶಯಕ್ಕೆ ಹೋಗುವ ಸೂಚನೆಯೂ ತಗ್ಗಿ ಈಸ್ಟ್ರೋಜನ್ ಇಳಿಯುತ್ತದೆ. ಒತ್ತಡ ಅಳೆಯುವುದಕ್ಕೆ ಹೆಟೆರೋಫಿಲ್ ಮತ್ತು ಲಿಂಫೋಸೈಟ್ ಕಣಗಳ ಅನುಪಾತ ನೋಡುವ ಪದ್ಧತಿ 1983ರಿಂದ ಚಾಲ್ತಿಯಲ್ಲಿದೆ. ನಿಮಗೆ ಲ್ಯಾಬ್ ಬೇಡ, ಚಿಪ್ಪು ನೋಡಿ. ಕಂದು ಚಿಪ್ಪಿನ ಮೇಲೆ ಬಿಳಿ ಪುಡಿ ಎರಚಿದ ಹಾಗೆ ಕಂಡರೆ, ಹೆದರಿದ ಹೇಂಟೆ ಮೊಟ್ಟೆಯನ್ನು ಹೊತ್ತಿಗೆ ಸರಿಯಾಗಿ ಬಿಡದೆ ಒಳಗೇ ಇಟ್ಟುಕೊಂಡಿತ್ತು ಅಂತ ಅರ್ಥ. ಅಂಥ ಮೊಟ್ಟೆ ಒಂದೆರಡು ಸಿಕ್ಕರೆ ಚಿಂತೆ ಬೇಡ. ಬುಟ್ಟಿ ತುಂಬ ಸಿಕ್ಕರೆ ಗೂಡಿನಲ್ಲಿ ಏನೋ ಸರಿಯಿಲ್ಲ.

ಮೇವು ನಿಲ್ಲಿಸಿ ಬಲವಂತವಾಗಿ ಗರಿ ಉದುರಿಸುವ ಪದ್ಧತಿಯನ್ನು ನಾನು ವಿರೋಧಿಸುವುದೂ ಇದೇ ಕಾರಣಕ್ಕೆ. ಮೇವಿಲ್ಲದಾಗ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕುಸಿದು ನಾಳ ಮುದುಡುತ್ತದೆ. ಲೋಳೆಯ ತಯಾರಿ ನಿಲ್ಲುತ್ತದೆ. ಕಾರ್ಟಿಕೊಸ್ಟಿರಾನ್ ಮೇಲಕ್ಕೆ ಏರುತ್ತದೆ. ಇಂಥ ಹೊತ್ತಿನಲ್ಲಿ ಸಾಲ್ಮೊನೆಲ್ಲಾ ತಗುಲಿದರೆ ಹೇಂಟೆಯಲ್ಲಿ ಅದು ಮಾಮೂಲಿಗಿಂತ ಸುಲಭವಾಗಿ ಬೇರೂರುತ್ತದೆ, ಹಿಕ್ಕೆಯಲ್ಲಿ ಜಾಸ್ತಿ ದಿನ ಹೊರಬೀಳುತ್ತದೆ. ಕಾವು ಕೂತ ಹೇಂಟೆಯಲ್ಲೂ ಅಂಡಾಶಯ ಮುದುಡುತ್ತದೆ. ಆದರೆ ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ನಿಧಾನವಾಗಿ ಆಗುವ ಸಹಜ ಬದಲಾವಣೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾಗಿದ್ದರೆ ಈಸ್ಟ್ರೋಜನ್ ಕೊಟ್ಟರೆ ಕಾವಲು ಏರುತ್ತದಲ್ಲ, ಇಂಜೆಕ್ಷನ್ ಯಾಕೆ ಬೇಡ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು, ನಿಮ್ಮ ಎಳೆ ಹೇಂಟೆಗಳಿಗೆ ಅದರ ಕೊರತೆಯೇ ಇಲ್ಲ. ಎರಡು, ಸಹಜ ಹಾರ್ಮೋನ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಪ್ರೊಜೆಸ್ಟರಾನ್ ತಪ್ಪು ಹೊತ್ತಿಗೆ ಬಂದರೆ ಹಳದಿ ಕಳಚುವ ಕ್ರಮವೇ ಕೆಡುತ್ತದೆ, ಹಳದಿ ನಾಳಕ್ಕೆ ಬದಲು ಹೊಟ್ಟೆಗೆ ಬೀಳಬಹುದು. ಈಗಾಗಲೇ ಇರುವ ಕಷ್ಟ ಅದೇ. ಮೂರು, ಇದು ನಾವು ತಿನ್ನುವ ಪ್ರಾಣಿ. ಒಂದು ಕಾಲದಲ್ಲಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ನಿನ ಗುಳಿಗೆಯನ್ನು ಹುಂಜಗಳ ಕತ್ತಿನ ಚರ್ಮದಡಿ ಇಟ್ಟು ಕೊಬ್ಬಿಸುತ್ತಿದ್ದರು. ಅಮೆರಿಕದಲ್ಲಿ 1959ರಲ್ಲಿ ಕೋಳಿಗಳಲ್ಲಿ ಅದರ ಬಳಕೆ ನಿಂತಿತು. ಗರ್ಭಿಣಿಯರು ಅದೇ ಔಷಧಿ ತೆಗೆದುಕೊಂಡಿದ್ದರಿಂದ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಬಂದದ್ದು 1971ರಲ್ಲಿ ಗೊತ್ತಾಯಿತು. ಹಾರ್ಮೋನ್ ಹಾಕಿ ನೋಡೋಣ ಅನ್ನುವುದು ಅಷ್ಟು ಹಗುರವಾದ ಮಾತಲ್ಲ.

ಹೊರಗಿನ ಹಾರ್ಮೋನ್ ರಕ್ಷಣೆಯನ್ನು ಎಷ್ಟು ಆಳದಲ್ಲಿ ಕೆಡಿಸಬಲ್ಲದು ಅನ್ನುವುದಕ್ಕೆ ಹಳೆಯ ಪುರಾವೆಯೂ ಇದೆ. ಕೋಳಿಯ ಹಿಂಭಾಗದಲ್ಲಿ ದ್ವಾರದ ಪಕ್ಕದಲ್ಲೇ ಬರ್ಸಾ ಎಂಬ ಚೀಲ ಇದೆ. ಪ್ರತಿಕಾಯ ತಯಾರಿಸುವ ಬಿ ಕಣಗಳು ಬಲಿಯುವುದು ಅಲ್ಲಿ. 1959ರಲ್ಲಿ ಸಂಶೋಧಕರು ಕಾವಿಗಿಟ್ಟ ಮೊಟ್ಟೆಗಳಿಗೆ ಟೆಸ್ಟೋಸ್ಟಿರಾನ್ ಬಗೆಯ ಹಾರ್ಮೋನ್ ಕೊಟ್ಟಾಗ ಮರಿಗಳಲ್ಲಿ ಬರ್ಸಾ ಬೆಳೆಯಲೇ ಇಲ್ಲ. ಸಹಜವಾಗಿಯೂ ಪ್ರಾಯದ ಹೊತ್ತಿಗೆ ಬರ್ಸಾ ಕುಗ್ಗಿ ಮಾಯವಾಗುತ್ತದೆ. ಅಷ್ಟರೊಳಗೆ ಬಿ ಕಣಗಳು ಮೈಯ ಬೇರೆ ಕಡೆ ನೆಲೆಸಿರುತ್ತವೆ. ಮರಿಯಾಗಿದ್ದಾಗ ಬರ್ಸಾಕ್ಕೆ ಗುಂಬೊರೋ ಎಂಬ ವೈರಸ್ ಕಾಯಿಲೆಯಿಂದ ಪೆಟ್ಟು ಬಿದ್ದಿದ್ದರೆ ಮೊಟ್ಟೆ ಇಡುವ ವಯಸ್ಸಿನಲ್ಲೂ ಆ ಕೊರತೆ ಉಳಿಯಬಹುದು.

ಏನು ಮಾಡಬಹುದು ಅನ್ನುವುದು ಈಗ. ಮುಂದೆ ಯಾವ ಹೇಂಟೆ ಸತ್ತರೂ ಆ ಗಡ್ಡೆಯ ಚೂರನ್ನು, ಪಿತ್ತಜನಕಾಂಗವನ್ನು ಲ್ಯಾಬಿಗೆ ಕಳಿಸಿ ಬ್ಯಾಕ್ಟೀರಿಯಾ ಯಾವುದು, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಪರೀಕ್ಷೆ ಮಾಡಿಸಿ. ಇದಿಲ್ಲದೆ ಇಡೀ ಹಿಂಡಿಗೆ ಆ್ಯಂಟಿಬಯೋಟಿಕ್ ಕುಡಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಸಾಲ್ಮೊನೆಲ್ಲಾ ಅಂತ ಬಂದರೆ ನಿಮ್ಮ ವೈದ್ಯರು ಹೇಳುವ ಕ್ರಮ ಬೇರೆಯೇ ಇರುತ್ತದೆ, ಮೊಟ್ಟೆಯ ವಿಷಯವೂ ಬದಲಾಗುತ್ತದೆ.

ಮುಂದಿನ ಹಿಂಡಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೆಳಕು. ಮೈ ತುಂಬಿಕೊಳ್ಳುವ ಮುಂಚೆ ಜಾಸ್ತಿ ಹೊತ್ತು ದೀಪ ಹಾಕಿ ಮೊಟ್ಟೆಗೆ ಎಬ್ಬಿಸಬೇಡಿ. ಸಣ್ಣ ಮೈಯ ಹೇಂಟೆ ದೊಡ್ಡ ಮೊಟ್ಟೆ ಇಡಲು ಹೋದರೆ ದ್ವಾರ ಹರಿಯುತ್ತದೆ, ನಾಳ ಹೊರಗೆ ಜಾರುತ್ತದೆ. ಕೊಬ್ಬಿದ ಹೇಂಟೆಗೂ ಇದೇ ಗತಿ. ತೂಕ ನೋಡಿಕೊಂಡು ಬೆಳಕನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಹದಿನಾಲ್ಕು ಹದಿನೈದು ಗಂಟೆಗೆ ನಿಲ್ಲಿಸಿ. ಮೊಟ್ಟೆ ಇಡುವ ಜಾಗ ಮಬ್ಬಾಗಿರಲಿ. ಹೊರಗೆ ಬಂದ ಪೊರೆ ಬೇರೆ ಹೇಂಟೆಯ ಕಣ್ಣಿಗೆ ಬೀಳಬಾರದು. ಹಾಸು ಒಣಗಿರಲಿ. ನೀರಿನ ಪಾತ್ರೆ, ಪೈಪಿನ ಒಳಗಿನ ಲೋಳೆ ಪದರ ತೊಳೆಯಿರಿ. ಬೂಷ್ಟು ಹಿಡಿದ ಮೆಕ್ಕೆಜೋಳ ಹಾಕಲೇಬೇಡಿ. ಕೆಲವು ಬೂಷ್ಟಿನ ವಿಷ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಇನ್ನು ಕೆಲವು ಮೈಯಲ್ಲಿ ಈಸ್ಟ್ರೋಜನ್ನಿನ ಹಾಗೆ ನಟಿಸುತ್ತವೆ. ಬ್ರಾಂಕೈಟಿಸ್, ಎಗ್ ಡ್ರಾಪ್ ಲಸಿಕೆಗಳು ಮೊಟ್ಟೆಗೆ ಮುಂಚೆ, ಸಾಮಾನ್ಯವಾಗಿ 16ರಿಂದ 18ನೇ ವಾರದೊಳಗೆ ಮುಗಿದಿರಬೇಕು. ಮೊದಲೇ ಹೇಳಿದ ಆ ತಗ್ಗು ಬರುವ ಹೊತ್ತಿಗೆ ಪ್ರತಿಕಾಯ ಸಿದ್ಧ ಇರಲಿ ಅನ್ನುವುದೇ ಇದರ ಲೆಕ್ಕ. ಸಾಗಿಸುವುದು, ಗೂಡು ಬದಲಿಸುವುದು, ಕೊಕ್ಕು ಕತ್ತರಿಸುವುದು ಮುಂತಾದ ಕಿರಿಕಿರಿಯನ್ನೂ ಆ ವಾರಗಳಿಂದ ದೂರ ಇಡಿ.

ಉಳಿದ ಹೇಂಟೆಗಳಲ್ಲಿ ಜುಟ್ಟು ಮಸುಕಾಗಿ, ದ್ವಾರದ ಸುತ್ತ ಹಿಕ್ಕೆ ಅಂಟಿಕೊಂಡು, ನಡೆಯುವಾಗ ಪೆಂಗ್ವಿನ್ ಥರ ನೆಟ್ಟಗೆ ನಿಲ್ಲುವುದು ಕಂಡರೆ ತಕ್ಷಣ ಬೇರೆ ಮಾಡಿ ವೈದ್ಯರಿಗೆ ತೋರಿಸಿ. ಗಡ್ಡೆ ಕಟ್ಟುವ ಮುಂಚೆ ಸಿಕ್ಕರೆ ಔಷಧಿಗೆ ಅವಕಾಶ ಇದೆ. ಗುಣವಾದರೂ ಕೆಲವು ಮತ್ತೆ ಮೊಟ್ಟೆ ಇಡುವುದಿಲ್ಲ. ನಾಳದ ಗೋಡೆಯಲ್ಲಿ ಕಲೆ ಉಳಿದುಬಿಡುತ್ತದೆ.

ಕೊನೆಗೆ ಮೊಟ್ಟೆ ತಿನ್ನುವ ಪ್ರಶ್ನೆ. ಔಷಧಿ ನಿಲ್ಲಿಸಿದ ಮಾರನೆಯ ದಿನದಿಂದ ತಿನ್ನಬಹುದು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಒಂದು ಹಳದಿ ಪೂರ್ತಿ ಗಾತ್ರಕ್ಕೆ ಬರುವುದಕ್ಕೆ ಕೊನೆಯ ಹತ್ತು ದಿನ ಬೇಕು. ದಿನಕ್ಕೊಂದು ಪದರದಂತೆ ಅದು ತುಂಬುತ್ತದೆ. ಇವತ್ತು ಕೊಟ್ಟ ಔಷಧಿ ಇವತ್ತಿನ ಪದರಕ್ಕೆ ಸೇರುತ್ತದೆ. ಆ ಪದರ ಹೊತ್ತ ಮೊಟ್ಟೆ ನಾಳೆಯೂ ಬರಬಹುದು, ಹತ್ತು ದಿನ ಬಿಟ್ಟೂ ಬರಬಹುದು. ಔಷಧಿಯ ಮೇಲೆ ಮೊಟ್ಟೆಗೆ ಎಷ್ಟು ದಿನ ಬಿಡಬೇಕು ಎಂದು ಬರೆದಿರುತ್ತದೆ, ಅಷ್ಟು ದಿನ ಎಲ್ಲ ಮೊಟ್ಟೆಯನ್ನೂ ಬಿಸಾಡಿ. ಕೆಲವು ಔಷಧಿಗಳ ಮೇಲೆ ‘ಮೊಟ್ಟೆ ಇಡುವ ಕೋಳಿಗೆ ಬಳಸಬಾರದು’ ಎಂದೇ ಇರುತ್ತದೆ. ಅದನ್ನು ಓದಿದ ಮೇಲೆಯೇ ಬಾಟಲಿ ತೆರೆಯಿರಿ.